ಈರಮ್ಮ ತಾಳಿ ಬಿಚ್ಚಿಟ್ಟ ಬೇಸಿಗೆ

ಹೋದ ತಿಂಗಳು ಆದೋನಿಗೆ ಹೋಗಿದ್ದೆ. ನನ್ನ ತಮ್ಮನ ಮೊಮ್ಮಗಳು ಹೆತ್ತಿದ್ದಳು, ಕೂಸನ್ನು ನೋಡಿ ಬರೋಣವೆಂದು. ಕೂಸಿನ ತೊಡೆಸಂದಿ ಕೆಂಪಗಾಗಿತ್ತು. ಹುಡುಗಿ ಒಂದು ಡಬ್ಬಿ ತೆರೆದು ಬಿಳಿ ಮುಲಾಮನ್ನು ಬೆರಳ ತುದಿಗೆ ತೆಗೆದುಕೊಂಡಳು. ಜಿಂಕ್ ಮತ್ತು ಹರಳೆಣ್ಣೆ ಬೆರೆತ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಸೊಂಟ ಹಿಡಿದುಕೊಂಡಿತು. ಎಪ್ಪತ್ತು ದಾಟಿದವಳ ಸೊಂಟ ಹಿಡಿಯಲು ವಾಸನೆಯೇ ಬೇಕೇ ಎಂದು ನೀವು ಕೇಳಬಹುದು. ಬೇಡ, ನಿಜ. ಆದರೆ ಇದು ವಯಸ್ಸಿನ ನೋವಲ್ಲ. ಒಂದು ಬೇಸಿಗೆಯಿಡೀ ಒಂದೇ ಹಾಸಿಗೆಯ ಮೇಲೆ ಬಗ್ಗಿ, ಒಂದೇ ಹೊಟ್ಟೆಗೆ ಇದೇ ಮುಲಾಮು ಬಳಿದ ನೋವು. ಇಷ್ಟು ವರ್ಷ ಎಲ್ಲಿ ಅಡಗಿ ಕೂತಿತ್ತೋ, ಡಬ್ಬಿ ತೆರೆದ ಕೂಡಲೇ ಎದ್ದು ಬಂತು.

ಬಳ್ಳಾರಿ ಜಿಲ್ಲೆಯನ್ನು ಒಡೆದ ಮರುವರ್ಷ ಅದು. ಬಳ್ಳಾರಿ ಮೈಸೂರಿಗೆ ಹೋಯಿತು. ಆದೋನಿ, ಆಲೂರುಗಳು ಆಂಧ್ರಕ್ಕೆ ಬಂದವು. ಹಾಲಹರವಿ ಕಡೆಯ ಜನ ಬೆಳಿಗ್ಗೆ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋದರೆ ಸಂಜೆಗೆ ಒಂದು ರಾಜ್ಯ ದಾಟಿ ವಾಪಸು ಬಂದಿರುತ್ತಿದ್ದರು, ಅವರಿಗೇ ಗೊತ್ತಿಲ್ಲದೆ. ನಮಗೂ ಅಷ್ಟೇ. ಕೈಮೀರಿದ ರೋಗಿಯನ್ನು ಬಳ್ಳಾರಿಗೆ ಕಳಿಸುವುದು ರೂಢಿ. ಈಗ ಕರ್ನೂಲಿಗೆ ಕಳಿಸಿ ಎಂದರು. ಕರ್ನೂಲು ಹೊಸ ರಾಜಧಾನಿ, ಅಲ್ಲಿ ಕಚೇರಿಗಳೇ ಡೇರೆಯೊಳಗೆ ಕೂತಿದ್ದವು. ರೋಗಿಗಳು ಯಾವ ಆಜ್ಞೆಗೂ ಕಿವಿಗೊಡದೆ ತಮಗೆ ತಿಳಿದ ದಾರಿಯಲ್ಲೇ ಬರುತ್ತಿದ್ದರು.

ನಾನಿದ್ದದ್ದು ಹತ್ತಿ ವ್ಯಾಪಾರಿಗಳು ಕಟ್ಟಿಸಿದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ. ಈಗ ಆ ಜಾಗದಲ್ಲಿ ಬಟ್ಟೆಯಂಗಡಿಗಳಾಗಿವೆ. ಡಾಕ್ಟರೆಂದು ಇದ್ದವರು ಇಬ್ಬರೇ. ದೊಡ್ಡ ಡಾಕ್ಟರು ರಾಘವುಲು, ಕೃಷ್ಣಾ ತೀರದ ಕಡೆಯವರು, ಸೈನ್ಯದಲ್ಲಿ ಸರ್ಜನ್ ಆಗಿದ್ದು ನಿವೃತ್ತಿಯ ಅಂಚಿಗೆ ಬಂದಿದ್ದರು. ಕನ್ನಡವನ್ನು ತೆಲುಗಿನ ಗಾಲಿಗಳ ಮೇಲೆ ಓಡಿಸುತ್ತಿದ್ದರು. ಇನ್ನೊಬ್ಬಳು ನಾನು, ಸುಭದ್ರ. ಊರಿನವರು ‘ಆಚಾರ್ರ ಮನಿ ಡಾಕ್ಟರಮ್ಮ’ ಎನ್ನುತ್ತಿದ್ದರು. ನನಗೆ ಬುದ್ಧಿ ಬಲಿಯುವ ಮುಂಚೆಯೇ ಮದುವೆಯಾಗಿತ್ತು, ಬುದ್ಧಿ ಬರುವಷ್ಟರಲ್ಲಿ ಅದು ಮುಗಿದೂ ಹೋಗಿತ್ತು. ಅಪ್ಪ ಹಟ ಹಿಡಿದು ಮದರಾಸಿಗೆ ಕಳಿಸಿ ಓದಿಸಿದರು. ಬೋಳು ಕೊರಳಿನ ಹೆಂಗಸು ಎದುರು ಬಂದರೆ ಹೊರಟ ಹೆಜ್ಜೆ ಹಿಂದೆ ತೆಗೆಯುವ ಜನ, ಅದೇ ಹೆಂಗಸು ಸ್ಟೆತಾಸ್ಕೋಪು ಹಾಕಿಕೊಂಡು ಬಂದರೆ ಎದ್ದು ನಿಲ್ಲುತ್ತಿದ್ದರು. ಎರಡನ್ನೂ ಕಂಡು ನನಗೆ ರೂಢಿಯಾಗಿತ್ತು.

ಈರಮ್ಮ ಬಂದದ್ದು ಹತ್ತಿಯ ಕಾಲದಲ್ಲಿ. ಸಂಕ್ರಾಂತಿ ಮುಗಿದರೆ ಆದೋನಿಯ ಬೀದಿ ತುಂಬ ಬಂಡಿಗಳು, ಹಗಲಿಡೀ ಜಿನ್ನಿಂಗ್ ಮಿಲ್ಲುಗಳ ಗುಡುಗುಡು. ಅರಳೆಯ ಎಳೆಗಳು ವಾರ್ಡಿನ ಕಿಟಕಿಯೊಳಗಿಂದ ತೇಲಿ ಬಂದು ಗಂಜಿಯ ಮೇಲೆ, ರೋಗಿಗಳ ರೆಪ್ಪೆಯ ಮೇಲೆ ಕೂರುತ್ತಿದ್ದವು. ಹಾಲಹರವಿಯಿಂದ ಹತ್ತಿ ತಂದ ಮಲ್ಲಪ್ಪ ಮೂಟೆಗಳ ಮೇಲೆ ಹೆಂಡತಿಯನ್ನು ಮಲಗಿಸಿಕೊಂಡು ಬಂದಿದ್ದ. ಮೂಟೆಗಳನ್ನು ಮಿಲ್ಲಿಗೆ ಇಳಿಸಿ, ಬಂಡಿಯನ್ನು ಆಸ್ಪತ್ರೆಯ ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದ. ಜೊತೆಗೆ ಅವನ ತಾಯಿ ಹಂಪಮ್ಮ, ಸಣ್ಣ ಮೈಯ ದೊಡ್ಡ ಬಾಯಿಯ ಮುದುಕಿ.

ಮಲ್ಲಪ್ಪ ಈರಮ್ಮನಿಗೆ ಸೋದರಮಾವ. ತಾಯಿಯ ಖಾಸಾ ತಮ್ಮ. ಹಾಗಾಗಿ ಹಂಪಮ್ಮ ಅವಳಿಗೆ ಅತ್ತೆಯೂ ಹೌದು, ಅಜ್ಜಿಯೂ ಹೌದು. ನಮ್ಮ ಕಡೆ ಇದರಲ್ಲಿ ಹೊಸದೇನಿಲ್ಲ. ಅಕ್ಕನ ಮಗಳನ್ನು ತಂದುಕೊಂಡರೆ ಮನೆಯ ಮಗಳು ಮನೆಯಲ್ಲೇ ಉಳಿಯುತ್ತಾಳೆ ಎಂದು ಲೆಕ್ಕ.

ನಲವತ್ತರ ಹತ್ತಿರದ ಈರಮ್ಮನ ಎಡಗಡೆ ಪಕ್ಕೆಲುಬಿನ ಕೆಳಗೆ ಒಂದು ಸಣ್ಣ ಗಡಿಗೆ ಕವುಚಿ ಹಾಕಿದಂತೆ ಗಡ್ಡೆ ಎದ್ದಿತ್ತು. ಅದರ ಮೇಲೆ ಸಾಲಾಗಿ ಬರೆಯ ಕಲೆಗಳು. ಎಡಗಡೆ ಗಡ್ಡೆ ಕಂಡರೆ ನಮ್ಮ ಸೀಮೆಯಲ್ಲಿ ಯಾರಿಗಾದರೂ ಮೊದಲು ಹೊಳೆಯುವುದು ಜ್ವರಗಡ್ಡೆ. ಮಲೇರಿಯಾದಲ್ಲಿ ಗುಲ್ಮ ಊದಿ ಆಗುವುದು. ಹಳ್ಳಿಯವರು ಕಬ್ಬಿಣ ಕಾಯಿಸಿ ಬರೆ ಹಾಕುತ್ತಾರೆ, ಓದಿದವರು ಕ್ವಿನೈನ್ ಕುಡಿಸುತ್ತಾರೆ. ಈರಮ್ಮನಿಗೆ ಎರಡೂ ಆಗಿತ್ತು. ಎರಡರಿಂದಲೂ ಗಡ್ಡೆ ಜಗ್ಗಿರಲಿಲ್ಲ.

"ಜ್ವರ ಬರ್ತದೇನು?" ಎಂದು ಕೇಳಿದೆ.

"ಇಲ್ರಿ. ಎಲ್ಡು ತುತ್ತು ಉಂಡ್ರ ಹೊಟ್ಟಿ ತುಂಬ್ತೈತಿ. ಮೂರನೇ ತುತ್ತು ಎದ್ಯಾಗ ನಿಂದರ್ತೈತಿ," ಎಂದಳು. "ಊರಾಗ ಎಲ್ಲಾರೂ ಕಮ್ಮಿ ಉಣ್ಣೋ ಸೊಸಿ ಸಿಕ್ಕಾಳ ಅಂತ ಅಜ್ಜೀನ ಹೊಗಳ್ತಾರ."

ಹೊಟ್ಟೆಯ ಮೇಲೆ ಕೈ ಇಟ್ಟು ಉಸಿರೆಳೆಯಲು ಹೇಳಿದೆ. ಜ್ವರಗಡ್ಡೆಯಾದರೆ ಉಸಿರಿನ ಜೊತೆ ಕೆಳಗೆ ಜರುಗಿ ಬೆರಳಿಗೆ ತಾಕಬೇಕು. ಇದು ಕೂತಲ್ಲೇ ಕೂತಿತ್ತು. ರಾಘವುಲು ಅವರೂ ನೋಡಿದರು, ಬೆರಳಿನಿಂದ ತಟ್ಟಿದರು, ತಲೆ ಅಲ್ಲಾಡಿಸಿದರು. ಬಳ್ಳಾರಿಗೆ ಕಳಿಸಿ ಎಕ್ಸ್‌ರೇ ತೆಗೆಸಿದೆವು, ಯಾವ ರಾಜ್ಯದ್ದಾದರೇನು ಎಂದು. ಜಠರವನ್ನು ಹಿಂದಿನಿಂದ ಏನೋ ಮುಂದಕ್ಕೆ ದೂಡಿತ್ತು. ಜಠರದ ಹಿಂದೆ ಇರುವುದು ಮೇದೋಜೀರಕ. ಬೆನ್ನಿಗೆ ಅಂಟಿಕೊಂಡು ಅಡ್ಡಡ್ಡ ಮಲಗಿರುವ ಮೆತ್ತನೆಯ ಅಂಗ. ಉಂಡದ್ದನ್ನು ಕರಗಿಸುವ ರಸ ಸುರಿಸುವುದು ಅದರ ಕೆಲಸ. ಮುಟ್ಟಿದರೆ ಮುನಿಯುತ್ತದೆ ಎಂದು ಸರ್ಜನರೆಲ್ಲ ಅದಕ್ಕೆ ಹೆದರುತ್ತಾರೆ.

ಅದರ ಬಾಲದಲ್ಲಿ ನೀರಿನ ಚೀಲ ಕಟ್ಟಿಕೊಂಡಿದೆ ಎಂದು ನಿರ್ಧಾರವಾಯಿತು. ಅಂಥ ಚೀಲಗಳು ಅಪರೂಪವೇನಲ್ಲ. ಮೇದೋಜೀರಕಕ್ಕೆ ಪೆಟ್ಟಾದರೆ, ಊತ ಬಂದರೆ, ರಸ ಸೋರಿ ಸುತ್ತ ಚೀಲ ಬೆಳೆಯುತ್ತದೆ. ಎಳೆವಯಸ್ಸಿನಲ್ಲಿ ಅವಳಿಗೆ ಎತ್ತು ಹಾಯ್ದಿತ್ತೆಂದು ಮಲ್ಲಪ್ಪನೂ ಹೇಳಿದ. ಆ ಕಾಲದಲ್ಲಿ ಎಲ್ಲ ಕಡೆಯೂ ಮಾಡುತ್ತಿದ್ದ ಚಿಕಿತ್ಸೆಯನ್ನೇ ದೊಡ್ಡ ಡಾಕ್ಟರು ಮಾಡಿದರು. ಹೊಟ್ಟೆ ತೆರೆದು, ಚೀಲಕ್ಕೆ ಬಾಯಿ ಮಾಡಿ, ಆ ಬಾಯಿಯ ಅಂಚನ್ನು ಹೊಟ್ಟೆಯ ಚರ್ಮಕ್ಕೇ ಹೊಲಿದು, ರಬ್ಬರಿನ ಕೊಳವೆ ಇಟ್ಟರು. ಒಳಗಿನದು ಸೋರಿ ಹೋದರೆ ಚೀಲ ತಾನಾಗಿ ಮುದುಡಿ ಮುಚ್ಚಿಕೊಳ್ಳುತ್ತದೆ. ಈರಮ್ಮನ ತಾಳಿಯನ್ನು ಅವತ್ತು ಎಲ್ಲರಿಗೂ ಮಾಡುವಂತೆ ಮಣಿಕಟ್ಟಿಗೆ ಕಟ್ಟಿದ್ದೆವು, ಮೈಯಿಂದ ದೂರ ಮಾಡಿರಲಿಲ್ಲ.

ಚೀಲಕ್ಕೆ ಕತ್ತರಿ ತಾಕಿದಾಗ ಒಳಗಿನಿಂದ ನೀರು ಚಿಮ್ಮಬೇಕಿತ್ತು. ಬಂದದ್ದು ಲೋಳೆ, ಜಾಲಿಯ ಅಂಟಿನ ಹಾಗೆ ಎಳೆಎಳೆಯಾಗಿ. ರಾಘವುಲು ಒಂದು ಗಳಿಗೆ ಕೈ ನಿಲ್ಲಿಸಿದರು. ಆಮೇಲೆ ಗೋಡೆಯ ಒಂದು ಚೂರನ್ನು ಕತ್ತರಿಸಿ ಸೀಸೆಗೆ ಹಾಕಿಸಿದರು. ಅದು ಪರೀಕ್ಷೆಗೆ ಮದರಾಸಿಗೆ ಹೋಯಿತು.

ಅಲ್ಲಿಂದ ಶುರುವಾಯಿತು ನಮ್ಮ ಬೇಸಿಗೆ. ಚೀಲ ಮುದುಡಲಿಲ್ಲ. ಎಷ್ಟು ಸುರಿದರೂ ಅಷ್ಟೇ ಬರುತ್ತಿತ್ತು, ಒಳಗೆ ಯಾರೋ ಕೂತು ಮಾಡಿ ಮಾಡಿ ಸುರಿಯುತ್ತಿರುವಂತೆ. ಬರಬರುತ್ತಾ ಲೋಳೆಯ ಜೊತೆ ಮೇದೋಜೀರಕದ ರಸವೂ ಬರತೊಡಗಿತು. ಅದಕ್ಕೆ ಅನ್ನ ಯಾವುದು, ಚರ್ಮ ಯಾವುದು ಎಂಬ ಭೇದವಿಲ್ಲ. ಈರಮ್ಮನ ಹೊಟ್ಟೆಯ ಚರ್ಮ ಸುಟ್ಟಂತೆ ಕೆಂಪಗಾಗಿ ಸುಲಿಯಿತು. ಬಟ್ಟೆ ತೆಗೆದು, ತೊಳೆದು, ಒರೆಸಿ, ಜಿಂಕ್ ಪುಡಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಮುಲಾಮನ್ನು ಗೋಡೆಗೆ ಸುಣ್ಣ ಬಳಿದಂತೆ ದಪ್ಪಗೆ ಬಳಿದು, ಹೊಸ ಬಟ್ಟೆ ಇಡಬೇಕು. ಇಟ್ಟು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಅದು ಒದ್ದೆ. ಇದ್ದ ಇಬ್ಬರು ನರ್ಸುಗಳಲ್ಲಿ ಒಬ್ಬಳು ಹೆರಿಗೆಗೆ ಹೋಗಿದ್ದಳು. ಗಾಯ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು.

ಚೈತ್ರ ಹೋಗಿ ವೈಶಾಖ ಬಂತು. ಆದೋನಿಯ ಬಿಸಿಲನ್ನು ಉಂಡವರಿಗೆ ವರ್ಣಿಸಬೇಕಾಗಿಲ್ಲ. ಗುಡ್ಡದ ಬಂಡೆಗಳು ಹಗಲೆಲ್ಲ ಕಾದು, ಸಂಜೆಯಾದ ಮೇಲೂ ಊರಿನ ಮೇಲೆ ಉಸಿರು ಬಿಡುತ್ತಿದ್ದವು. ನೀರು ಕಡಿಮೆಯಾಯಿತು, ಕುದಿಸಿ ಒಣಗಿಸಿದ ಬಟ್ಟೆ ಸಾಲದೆ ಹೋಯಿತು. ಕಾರ್ಬಾಲಿಕ್ ಸೋಪಿನಲ್ಲಿ ತೊಳೆದು ತೊಳೆದು ನನ್ನ ಬೆರಳ ಗೆಣ್ಣುಗಳು ಸೀಳಿದವು, ಮೊಸರನ್ನ ಕಲಸಿದರೆ ಉರಿಯುತ್ತಿತ್ತು. ನನಗೆ ಸಾಕಾಗಿ ಹೋಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಆ ಹಾಸಿಗೆ ನೆನಪಾಗಿ ಕಾಲು ನೆಲಕ್ಕೆ ಇಡಲು ಮನಸ್ಸಾಗುತ್ತಿರಲಿಲ್ಲ. ದೊಡ್ಡ ಡಾಕ್ಟರ ಮುಖ ನೋಡಿದರೆ ಅವರದೂ ಅದೇ ಪಾಡು.

ಈರಮ್ಮ ಮಾತ್ರ ಸೀಲಿಂಗು ನೋಡುತ್ತಾ ಮಲಗಿರುತ್ತಿದ್ದಳು. ಮುಖ ಒಣಗಿ ಕೆನ್ನೆಗಳು ಒಳಗೆ ಹೋಗಿದ್ದವು. ಮಲ್ಲಪ್ಪ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ, ಹತ್ತಿರ ಬರುತ್ತಿರಲಿಲ್ಲ. ಗಂಡ ಹೆಂಡತಿ ನಾಲ್ಕು ಜನರ ಮುಂದೆ ಮಾತಾಡುವ ಪದ್ಧತಿಯಿಲ್ಲ. ಮದುವೆಯಾದಾಗಿನಿಂದ ಅವನನ್ನು ತಾನು ಏನಂತಲೂ ಕರೆದಿಲ್ಲವೆಂದು ಒಂದು ದಿನ ಅವಳೇ ಹೇಳಿದಳು.

"ಸಣ್ಣಾಕಿದ್ದಾಗ ಮಾವ ಮಾವ ಅಂತ ಬೆನ್ನ ಹತ್ತಿ ತಿರುಗ್ತಿದ್ನ್ಯಂತ್ರಿ. ಬಂಡಿ ಕಟ್ಟಿದ್ರ ನೊಗದ ಮ್ಯಾಲ ಕೂಡ್ರಿಸ್ಕೊಂತಿದ್ನಂತ. ತಾಳಿ ಕಟ್ಟಿದ ಮ್ಯಾಲ ಬಾಯಿ ಕಟ್ತು. ಈಗ ‘ಇಲ್ಲಿ ಕೇಳಿಸ್ತೇನು’ ಅಂತೀನಿ. ಎತ್ತೂ ತಿರುಗಿ ನೋಡ್ತಾವ." ಹೊಟ್ಟೆ ಅಲುಗಿದರೆ ನೋವಾಗುತ್ತದೆಂದು ಅವಳು ಬಾಯಿಯಲ್ಲಿ ಮಾತ್ರ ನಕ್ಕಳು.

ಮದರಾಸಿನಿಂದ ಉತ್ತರ ಬಂತು. ರಾಘವುಲು ನನ್ನನ್ನು ಕೂರಿಸಿಕೊಂಡು ಹೇಳಿದರು.

"ಸುಭದ್ರಮ್ಮಾ, ಇದು ರಸ ಸೋರಿ ಆದ ಚೀಲ ಅಲ್ಲ. ಅಂಥಾ ಚೀಲಕ್ಕೆ ಒಳಗಡೆ ಪೊರೆ ಇರೋದಿಲ್ಲ. ಇದಕ್ಕೆ ಇದೆ, ಆ ಪೊರೇನೇ ಲೋಳೆ ಹುಟ್ಟಿಸ್ತಾ ಇದೆ. ಇದು ಗಡ್ಡೆ ಅಮ್ಮಾ, ಚೀಲದ ವೇಷ ಹಾಕಿದ ಗಡ್ಡೆ. ಬಹಳ ಅಪರೂಪ. ನಾನು ಪುಸ್ತಕದಲ್ಲಿ ಓದಿದೀನಿ, ಕಣ್ಣಿಂದ ಚೂಡಲೇದು."

"ಹಾಗಾದರೆ ಇದು ಒಣಗುವುದೇ ಇಲ್ಲವೇ?"

"ಜನ್ಮದಲ್ಲಿ ಒಣಗೋದಿಲ್ಲ. ಬಿಟ್ಟರೆ ಮುಂದೆ ಕೆಟ್ಟ ಗಡ್ಡೆ ಆಗಬಹುದು. ಅದಕ್ಕೆ ಮುಂಚೆ ಈಕೇನೇ ಕರಗಿ ಹೋಗ್ತಾಳೆ. ಪೂರ್ತಿ ತೆಗೀಬೇಕು. ಮೇದೋಜೀರಕದ ಬಾಲ, ಅದಕ್ಕೆ ಅಂಟಿಕೊಂಡ ಗುಲ್ಮ, ಎಲ್ಲಾ ಒಟ್ಟಿಗೆ."

ಎರಡು ತಿಂಗಳ ನನ್ನ ತೊಳೆತ, ಬಳಿತ ಎಲ್ಲ ನೀರಿನಲ್ಲಿ ಹೋಮವಾದಂತೆ ಅನಿಸಿತು. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಅವರ ಮೇಲಂತೂ ಅಲ್ಲ. ಯಾರೇ ಆಗಿದ್ದರೂ ಆ ಗಡ್ಡೆಯನ್ನು ಮೊದಲು ನೀರಿನ ಚೀಲವೆಂದೇ ತಿಳಿಯುತ್ತಿದ್ದರು.

ಮದರಾಸಿಗೆ ಕಳಿಸೋಣವೆಂದರೆ ಈರಮ್ಮ ಒಪ್ಪಲಿಲ್ಲ. "ಅಷ್ಟು ದೂರ ಸತ್ರ ಹೆಣಾನೂ ಊರಿಗೆ ಬರಾಂಗಿಲ್ರಿ. ನೀವೇ ಮಾಡಿದ ಗಾಯ, ನೀವೇ ನೋಡ್ರಿ," ಎಂದಳು. ರೈಲಿನ ಅಲುಗಾಟವನ್ನು ಅವಳ ಮೈ ತಡೆಯುವುದೂ ಅನುಮಾನವಿತ್ತು. ಕೊನೆಗೆ ಇಲ್ಲಿಯೇ ಎಂದಾಯಿತು. ಅಷ್ಟು ದೊಡ್ಡ ಆಪರೇಷನ್ನಿಗೆ ರಕ್ತ ಬೇಕು. ಆಗ ನಮ್ಮಲ್ಲಿ ರಕ್ತ ತೆಗೆದಿಡುವ ವ್ಯವಸ್ಥೆಯಿರಲಿಲ್ಲ. ಮನೆಯವರೇ ಕೊಡಬೇಕು, ತೆಗೆದ ಕೂಡಲೇ ಏರಿಸಬೇಕು. ಅವಳ ಅಣ್ಣ ಬಂದ, ಅವನದು ಕೂಡಲಿಲ್ಲ. ನನ್ನದೂ, ದೊಡ್ಡ ಡಾಕ್ಟರದೂ ಕೂಡಲಿಲ್ಲ. ಊರಿನಿಂದ ನೋಡಲು ಬಂದಿದ್ದವರು ಸೂಜಿ ಕಂಡು ಬಂಡಿ ಹೂಡಿದರು. ಮಲ್ಲಪ್ಪನದು ಕೂಡಿತು.

"ತಗೋರಿ. ಎಷ್ಟು ಬೇಕೋ ಅಷ್ಟು," ಎಂದು ಮಲ್ಲಪ್ಪ ಅಂಗಿಯ ತೋಳು ಮಡಚಿ ಕೂತ. ಆಗ ಹಂಪಮ್ಮ ಅಡ್ಡ ಬಂದಳು.

"ಆಗಾಂಗಿಲ್ರಿ ಡಾಕ್ಟರಮ್ಮ. ಅವನ ರಕ್ತ ಆಕಿ ಮೈಯಾಗ ಹೋದ್ರ ಆಕಿ ನಮ್ಮ ಬೆಡಗಿನಾಕಿ ಆಗ್ತಾಳ. ಒಂದ ಬೆಡಗಿನಾಕಿ ಅಂದ್ರ ತಂಗಿ. ತಂಗಿ ಕೊಳ್ಳಾಗ ಅಣ್ಣನ ತಾಳಿ ಇರತೈತೇನ್ರಿ?"

ಬೆಡಗು ಅಂದರೆ ಅವರಲ್ಲಿ ವಂಶದ ಬಳ್ಳಿ. ಒಂದೇ ಬೆಡಗಿನವರು ಒಡಹುಟ್ಟಿದವರ ಲೆಕ್ಕ, ಕೊಟ್ಟು ತರುವುದಿಲ್ಲ. ನಾನು ಓದಿದವಳ ಜಂಬದಲ್ಲಿ, "ಅಲ್ಲವ್ವಾ, ಆತ ಆಕಿಗೆ ಸೋದರಮಾವ. ರಕ್ತ ಮೊದಲೇ ಒಂದೇ ಅದ ಅಲ್ಲ?" ಎಂದೆ.

ಮುದುಕಿ ನನ್ನನ್ನು ಕರುಣೆಯಿಂದ ನೋಡಿದಳು. "ಅದು ಹೆಣ್ಣಿನ ಕಡಿಂದ ಬಂದದ್ದು. ಬೆಡಗು ಗಂಡಿನ ಕಡಿಂದ ನಡಿತೈತಿ. ನನ್ನ ಮಗಳು ಹೊರಗ ಹೋಗ್ಯಾಳ, ಅದಕ್ಕ ಆಕಿ ಮಗಳು ಒಳಗ ಬಂದಾಳ. ಈಗ ಗಂಡಿನ ರಕ್ತ ಸೀದಾ ಹಾಕ್ತೀನಿ ಅಂತೀರಿ."

ರಾಘವುಲು ಹಣೆ ಹಿಡಿದು ಕೂತರು. "ರಕ್ತ ಕೊಡೋಕೆ ಹೆದರಿ ಓಡಿದವರನ್ನ ಯುದ್ಧದಲ್ಲಿ ನೋಡಿದೀನಿ. ಕೊಟ್ಟರೆ ಹೆಂಡತಿ ತಂಗಿಯಾಗ್ತಾಳೆ ಅಂದವರನ್ನ ಇವತ್ತೇ ನೋಡಿದ್ದು." ಬೈದರು, ಬೇಡಿದರು, ದೇವರ ಆಣೆ ಹಾಕಿದರು. ಮಲ್ಲಪ್ಪ ತಾಯಿಯ ಮುಖ, ನನ್ನ ಮುಖ ನೋಡುತ್ತಾ ಮಡಚಿದ ತೋಳನ್ನು ಮಡಚಿಯೇ ಇಟ್ಟುಕೊಂಡಿದ್ದ. ಒಳಗೆ ಈರಮ್ಮನ ಬಟ್ಟೆ ಒದ್ದೆಯಾಗುತ್ತಲೇ ಇತ್ತು.

ಹಂಪಮ್ಮ ಕೆಟ್ಟವಳಲ್ಲ. ಅದನ್ನು ಇಲ್ಲಿ ಹೇಳಲೇಬೇಕು. ಆ ಎರಡು ದಿನ ಅವಳು ಬೇವಿನ ಮರದ ಕೆಳಗೆ ನೀರೂ ಮುಟ್ಟದೆ ಕೂತಿದ್ದಳು. ಒಳಗೆ ಸಾಯುತ್ತಿದ್ದವಳು ಅವಳ ಮಗಳ ಮಗಳು, ಅವಳೇ ಎತ್ತಿ ಆಡಿಸಿದವಳು. ಮೂರನೆಯ ಬೆಳಿಗ್ಗೆ ನಾನು ಗಾಯ ಕಟ್ಟುತ್ತಿರುವಾಗ ಸೀದಾ ವಾರ್ಡಿಗೆ ಬಂದು ಮೊಮ್ಮಗಳ ತಲೆದೆಸೆಯಲ್ಲಿ ನಿಂತಳು.

"ಒಂದು ದಾರಿ ಐತಿ," ಎಂದಳು. "ಮೊದಲು ತಾಳಿ ಬಿಚ್ಚಿಬಿಡಾಣ. ಬಿಚ್ಚಿದ ಮ್ಯಾಲ ಆಕಿ ಅವನ ಹೇಂತಿ ಅಲ್ಲ, ಬರೀ ಅಕ್ಕನ ಮಗಳು. ಅಕ್ಕನ ಮಗಳಿಗೆ ಮಾವ ಏನು ಬೇಕಾರ ಕೊಡಬಹುದು. ಬದುಕಿ ಎದ್ದು ಬಂದ್ರ, ಆಕಿ ತಂದಿ ಬೆಡಗಿನ ಹಿರ್ಯಾರ್ನ ಕರೆಸಿ ಆಕೀನ ಆ ಬೆಡಗಿಗೆ ತಿರುಗಿ ಸೇರಿಸ್ಕೊಂಡು, ಹೊಸದಾಗಿ ಕಟ್ಟಿಸಾಣ."

ನನಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಈರಮ್ಮನ ಮುಖ ನೋಡಿ ಸಂತೋಷ ಇಳಿಯಿತು.

"ಬದುಕಿ ಬರ್ದಿದ್ರ?" ಎಂದು ಅವಳು ಮೆಲ್ಲಗೆ ಕೇಳಿದಳು.

ಗಂಡನಿಗಿಂತ ಮುಂಚೆ ಸತ್ತರೆ ಹಸಿರು ಬಳೆ ತೊಡಿಸಿ, ಕುಂಕುಮ ಹಚ್ಚಿ, ಮುತ್ತೈದೆಯೆಂದು ಊರೆಲ್ಲ ಕಾಲಿಗೆ ಬಿದ್ದು ಕಳಿಸುತ್ತಾರೆ. ಅವಳ ಪಾಲಿಗೆ ಉಳಿದಿದ್ದದ್ದು ಆ ಒಂದು ಮರ್ಯಾದೆ. ಟೇಬಲ್ಲಿನ ಮೇಲೆ ಹೋದರೆ ಅದೂ ಇಲ್ಲ. ಹೆಂಡತಿಯಲ್ಲ, ವಿಧವೆಯಲ್ಲ, ಕನ್ಯೆಯಲ್ಲ. ಬೋಳು ಕೊರಳಿನಲ್ಲಿ ಬದುಕುವುದು ಏನೆಂದು ನನಗೆ ಗೊತ್ತಿತ್ತು. ಸಾಯುವುದರ ಬಗ್ಗೆ ಅವತ್ತಿನವರೆಗೂ ಯೋಚಿಸಿರಲಿಲ್ಲ.

"ನೀವು ಏನಂತೀರಿ ಡಾಕ್ಟರಮ್ಮ? ಬದುಕ್ತೀನೇನ್ರಿ?"

"ಸುಳ್ಳು ಹೇಳಂಗಿಲ್ಲ ಈರಮ್ಮ. ಅರ್ಧಕ್ಕರ್ಧ ಅಂತ ಇಟ್ಕೋ. ಹಿಂಗೇ ಬಿಟ್ಟರ ಮಾತ್ರ ಖಂಡಿತ ಉಳಿಯಂಗಿಲ್ಲ."

ಹಂಪಮ್ಮ ಬಾಗಿ, "ಬಿಚ್ಲೇನೇ ಕೂಸೇ?" ಎಂದು ಕೇಳಿದಳು. ಅವಳ ದೊಡ್ಡ ಬಾಯಿ ಅವತ್ತು ಸಣ್ಣದಾಗಿತ್ತು.

"ಬಿಚ್ಚು ಅಜ್ಜಿ," ಎಂದಳು ಈರಮ್ಮ.

ಮುದುಕಿ ಗಂಟು ಬಿಚ್ಚಲಾಗದೆ ಹಲ್ಲಿಲ್ಲದ ಬಾಯಿಯಿಂದ ಕಚ್ಚಿದಳು. ನಾನೇ ಸಹಾಯ ಮಾಡಿದೆ. ಅರಿಶಿನದ ಬಟ್ಟೆಯಲ್ಲಿ ತಾಳಿಯನ್ನು ಸುತ್ತಿ ಮುದುಕಿ ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮಲ್ಲಪ್ಪ ಬಾಗಿಲ ಹತ್ತಿರ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

ಆಪರೇಷನ್ ಮರುದಿನ ಬೆಳಿಗ್ಗೆ, ಬಿಸಿಲೇರುವ ಮುಂಚೆ ಶುರುವಾಯಿತು. ಈಥರ್ ಕೊಡಲು ಪಕ್ಕದ ಊರಿನಿಂದ ಒಬ್ಬ ಡಾಕ್ಟರು ಬಂದಿದ್ದರು. ಮಲ್ಲಪ್ಪನನ್ನು ಪಕ್ಕದ ಕೋಣೆಯ ಬೆಂಚಿನ ಮೇಲೆ ಮಲಗಿಸಿ ರಕ್ತ ತೆಗೆದೆವು. ಅದು ಇನ್ನೂ ಬೆಚ್ಚಗಿದ್ದಾಗಲೇ ಅವಳ ತೋಳಿಗೆ ಇಳಿಯತೊಡಗಿತು. ಹೊಟ್ಟೆಯೊಳಗೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿತ್ತು. ನಾವೇ ಮಾಡಿದ್ದ ಬಾಯಿಯನ್ನು ಚರ್ಮದಿಂದ ಬಿಡಿಸಿ, ಗಡ್ಡೆಯನ್ನು ಜಠರದ ಹಿಂಬದಿಯಿಂದ ಎಳೆಎಳೆಯಾಗಿ ಸುಲಿದು ತೆಗೆಯಬೇಕು. ಗುಲ್ಮದ ರಕ್ತನಾಳ ಗಡ್ಡೆಯ ಬೆನ್ನಿನ ಮೇಲೇ ಹಾದಿತ್ತು. ಅದನ್ನು ಕಟ್ಟುವ ಮುಂಚೆ ಒಂದು ಕಡೆ ಹರಿದು ಕಣ್ಣೆದುರು ಎಲ್ಲ ಕೆಂಪಾಯಿತು. ರಾಘವುಲು ಬೆರಳು ಒತ್ತಿ ಹಿಡಿದು, "ಭಯಪಡೊದ್ದು ತಲ್ಲೀ," ಎಂದರು. ಹೆದರಬೇಡ ತಾಯಿ ಎಂದು. ನನಗೆ ಹೇಳಿದರೋ, ಮಲಗಿದ್ದವಳಿಗೋ, ತಮಗೇ ಹೇಳಿಕೊಂಡರೋ. ಮಲ್ಲಪ್ಪನಿಂದ ಎರಡನೆಯ ಬಾಟಲಿ ತೆಗೆಯಬೇಕಾಯಿತು. ಅಷ್ಟು ತೆಗೆಯುವುದು ಸರಿಯಲ್ಲವೆಂದು ಗೊತ್ತಿತ್ತು. ಕೇಳಿದರೆ ಅವನು ಕಣ್ಣು ಮುಚ್ಚಿಕೊಂಡೇ ಇನ್ನೊಂದು ತೋಳು ಚಾಚಿದ.

ಮಧ್ಯಾಹ್ನದ ಹೊತ್ತಿಗೆ ಗಡ್ಡೆ ಇಡಿಯಾಗಿ ತಟ್ಟೆಗೆ ಬಂತು. ಒಳಗೆ ಜೇನುಹುಟ್ಟಿನಂತೆ ಕೋಣೆ ಕೋಣೆ, ಪ್ರತಿ ಕೋಣೆಯಲ್ಲೂ ಲೋಳೆ. ಇಷ್ಟು ದಿನ ಒಂದು ಬಾಗಿಲು ತೆರೆದು ಮನೆಯೇ ಖಾಲಿಯಾಗಲೆಂದು ನಾವು ಕಾದಿದ್ದೆವು. ಉಳಿದ ಮೇದೋಜೀರಕದ ತುದಿಯನ್ನು ರೇಷ್ಮೆ ದಾರದಿಂದ ಹೊಲಿದು ಮುಚ್ಚಿ ಹೊರಗೆ ಬಂದೆ. ಹಂಪಮ್ಮ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. "ಉಸಿರು ಅದ," ಎಂದೆ.

ಆಮೇಲಿನ ದಿನಗಳೂ ಸುಲಭವಾಗಿರಲಿಲ್ಲ. ಜ್ವರ ಬಂತು, ಇಳಿಯಿತು, ಮತ್ತೆ ಬಂತು. ಹೊಲಿದ ತುದಿಯಿಂದ ಸ್ವಲ್ಪ ರಸ ಸೋರಿದಾಗ ನನಗೆ ಅಳುವೇ ಬಂದಿತ್ತು, ಮತ್ತೆ ಮುಲಾಮು, ಮತ್ತೆ ಬಟ್ಟೆ ಎಂದು. ಆದರೆ ಈ ಸಲ ಅದು ದಿನದಿಂದ ದಿನಕ್ಕೆ ಕಡಿಮೆಯಾಯಿತು. ಒಂದು ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಒಣಗಿತ್ತು. ನಂಬದೆ ಕೈಯಿಂದ ಮುಟ್ಟಿ ನೋಡಿದೆ. ದೊಡ್ಡ ಡಾಕ್ಟರನ್ನು ಕರೆದು ತೋರಿಸಿದೆ. ಅವರೂ ಮುಟ್ಟಿ ನೋಡಿದರು. ಇಬ್ಬರೂ ಒಂದು ಒಣಗಿದ ಬಟ್ಟೆಯನ್ನು ಹಿಡಿದುಕೊಂಡು ಮಂಕರಂತೆ ನಿಂತಿದ್ದೆವು.

ಅಷ್ಟರಲ್ಲಿ ಮಿಲ್ಲುಗಳ ಸದ್ದು ನಿಂತು, ಮೃಗಶಿರದ ಮೊದಲ ಹನಿ ಬಿದ್ದಿತ್ತು. ಮನೆಗೆ ಕಳಿಸುವ ದಿನ ಹಂಪಮ್ಮ ಹೇಳಿದಂತೆಯೇ ಹಿರಿಯರನ್ನು ಕರೆಸಿದಳು. ಅವರು ಬೇವಿನ ಮರದ ಕೆಳಗೆ ಎಲೆಯಡಿಕೆ ಹಾಕಿಕೊಂಡು ಈರಮ್ಮನನ್ನು ಅವಳ ತಂದೆಯ ಬೆಡಗಿಗೆ ತಿರುಗಿ ಸೇರಿಸಿಕೊಂಡರು. ಆಮೇಲೆ ವಾರ್ಡಿನಲ್ಲೇ ತಾಳಿ ಕಟ್ಟುವುದೆಂದಾಯಿತು, ಅವಳಿಗೆ ಇನ್ನೂ ಬಹಳ ಹೊತ್ತು ನಿಲ್ಲಲು ಆಗುತ್ತಿರಲಿಲ್ಲ. ಮಲ್ಲಪ್ಪ ಕ್ಷೌರ ಮಾಡಿಸಿಕೊಂಡು, ಒಗೆದ ಧೋತರ ಉಟ್ಟು ಬಂದ. ರಕ್ತ ಕೊಟ್ಟ ಸುಸ್ತು ಅವನ ಮುಖದಲ್ಲಿ ಇನ್ನೂ ಇತ್ತು. ನಾನು ಬಾಗಿಲ ಹೊರಗೆ ನಿಂತೆ. ಶುಭಕಾರ್ಯದಲ್ಲಿ ನನ್ನ ಜಾಗ ಅದು, ಯಾರೂ ಹೇಳಬೇಕಾಗಿರಲಿಲ್ಲ.

ಅವನು ಅರಿಶಿನದ ದಾರ ಹಿಡಿದು ಬಾಗಿದಾಗ ಈರಮ್ಮ ಕೈ ಅಡ್ಡ ಇಟ್ಟಳು.

"ತಡಿ ಮಾವ," ಎಂದಳು. ಹಿರಿಯರ ಎಲೆಯಡಿಕೆ ಬಾಯಲ್ಲೇ ನಿಂತಿತು. "ಮೊದಲನೇ ಸಲ ಕಟ್ಟಿದಾಗ ನಾನು ಅಜ್ಜಿ ತೊಡಿ ಮ್ಯಾಲ ನಿದ್ದಿ ಮಾಡ್ತಿದ್ನ್ಯಂತ. ಎದ್ದು ನೋಡಿದ್ರ ಕೊಳ್ಳಾಗ ದಾರ ಇತ್ತು. ಈಗ ಎಚ್ರ ಅದೀನಿ. ಕೇಳು."

"ಏನು ಕೇಳ್ಬೇಕೇ ಹುಚ್ಚಿ?" ಎಂದಳು ಹಂಪಮ್ಮ.

"ಬಿಚ್ಚೋವಾಗ ನೀನು ಕೇಳಿದಿ ಅಲ್ಲೇನು ಅಜ್ಜಿ? ಕಟ್ಟೋವಾಗ ಅವನೂ ಕೇಳ್ಲಿ."

ಎತ್ತುಗಳನ್ನು ಗದರಿಸಿ ಅಭ್ಯಾಸವಾದ ಮಲ್ಲಪ್ಪ ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೆಯ ಸಲ, "ಈರೀ... ಕಟ್ಲೇನು?" ಎಂದ.

ಅವಳು ಅವನ ಮುಖವನ್ನು ನೋಡಿದಳು, ಸೂಜಿಯ ಕಲೆ ಇನ್ನೂ ಮಾಸದ ಎರಡು ತೋಳುಗಳನ್ನು ನೋಡಿದಳು. ಇಲ್ಲವೆಂದರೆ ಅವಳನ್ನು ಯಾರೂ ಏನೂ ಮಾಡುವಂತಿರಲಿಲ್ಲ, ಬಿಚ್ಚಿದ ಮೇಲೆ ಹೆಂಡತಿಯಲ್ಲವೆಂಬುದು ಹಂಪಮ್ಮನೇ ಮಾಡಿದ ಕಟ್ಟಳೆ. ಅದು ಎಲ್ಲರಿಗೂ ಒಟ್ಟಿಗೇ ಹೊಳೆದಿರಬೇಕು.

"ಹೂಂ. ಕಟ್ಟು," ಎಂದು ಈರಮ್ಮ ತುರುಬನ್ನು ಪಕ್ಕಕ್ಕೆ ಸರಿಸಿದಳು.

ನನಗೆ ಹೊಟ್ಟೆಕಿಚ್ಚಾಯಿತು. ಬೇರೆ ಹೆಸರು ಕೊಡಲಾರೆ. ಅವಳ ತಾಳಿಗಲ್ಲ, ಆ ಪ್ರಶ್ನೆಗೆ.

ಬಂಡಿ ಹೂಡುತ್ತಿರುವಾಗ ನಾನು ಕೊನೆಯ ಸಲ ಗಾಯ ನೋಡಿ, ಮುಲಾಮಿನ ಡಬ್ಬಿಯನ್ನು ಅವಳ ಕೈಗೆ ಕೊಟ್ಟು, ಹೇಗೆ ಹಚ್ಚಿಕೊಳ್ಳಬೇಕೆಂದು ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ನನ್ನ ಕೊರಳನ್ನು ನೋಡುತ್ತಿದ್ದಳು.

"ನಿಮ್ಮನ್ನ ಯಾರಾರ ಕೇಳಿದ್ರೇನ್ರಿ ಡಾಕ್ಟರಮ್ಮ?"

"ಇಲ್ಲ," ಎಂದೆ. "ಕಟ್ಟುವಾಗಲೂ ಇಲ್ಲ, ಬಿಚ್ಚುವಾಗಲೂ ಇಲ್ಲ."

ಅವಳು ಡಬ್ಬಿಯ ಮುಚ್ಚಳ ತೆಗೆದು ಬೆರಳಿಗೆ ಮುಲಾಮು ತೆಗೆದುಕೊಂಡಳು. ಸೀಳಿದ್ದ ನನ್ನ ಬೆರಳ ಗೆಣ್ಣುಗಳ ಹತ್ತಿರ ಕೈ ತಂದು, ಮುಟ್ಟುವ ಮುಂಚೆ ನಿಲ್ಲಿಸಿ, ನನ್ನ ಮುಖ ನೋಡಿದಳು.

"ಹಚ್ಲೇನ್ರಿ?" ಎಂದು ಕೇಳಿದಳು.

ಹೂಂ ಎಂದೆ.